ಕಡಲಸಿಂಹಗಳ ಕಟ್ಟೆಯಲ್ಲಿ

ಮಕ್ಕಳ ಮನೆಗೆಂದು ಚಾಮರಾಜಪುರಂ ಬಿಟ್ಟು ಅಮೆರಿಕಕ್ಕೆ ಹೋಗುವ ನಮ್ಮಂತಹ ವಯೋವೃದ್ಧರಿಗೆ ಅಲ್ಲಿ ತೋರಿಸುವ ಸ್ಥಳಗಳು ಬಹುಮಟ್ಟಿಗೆ ಒಂದೇ. ಸ್ಯಾನ್ ಫ್ರಾನ್ಸಿಸ್ಕೋ ನಗರದ ಪಿಯರ್ 39 ಎಂಬ ದೋಣಿಕಟ್ಟೆ ಅವುಗಳಲ್ಲೊಂದು. ಅಲ್ಲಿನ ಅಂಗಡಿ ಸಾಲುಗಳ ವರ್ಣನೆ ಇಲ್ಲಿ ಬೇಡ. ಕಣ್ಣಿಗೆ ಕಾಣುವ ಮುನ್ನವೇ ಕಡಲಸಿಂಹಗಳ ಕೂಗು ಕಿವಿಗೆ ಬಿದ್ದಿತು. ನೂರು ನಾಯಿಗಳು ಒಮ್ಮೆಲೇ ಬೊಗಳಿದಂತಹ ಸದ್ದು. ಜೊತೆಗೆ ಮೀನಿನ ಗಾಢ ವಾಸನೆ. ನಮ್ಮ ಮನೆಯವರು ಸೆರಗನ್ನು ಮೂಗಿಗೆ ಹಿಡಿದುಕೊಂಡೇ ಕಟಕಟೆಯ ಬಳಿಗೆ ಬಂದರು.

ತೇಲುವ ಮರದ ಅಟ್ಟಗಳ ಮೇಲೆ ಆ ಭಾರಿ ಪ್ರಾಣಿಗಳು ಒಂದರ ಮೇಲೊಂದು ಒರಗಿ ಬಿಸಿಲು ಕಾಯುತ್ತಿದ್ದವು. ಇವಕ್ಕೆ ಹೊರಗೆ ಕಾಣುವ ಪುಟ್ಟ ಕಿವಿಗಳುಂಟು. ಹಿಂದಿನ ಈಜುಗಾಲುಗಳನ್ನು ಮುಂದಕ್ಕೆ ಮಡಿಸಿ ನೆಲದ ಮೇಲೆ ನಡೆಯಬಲ್ಲವು. ಸೀಲ್ ಪ್ರಾಣಿಗಳಿಗೆ ಇವೆರಡೂ ಸಾಧ್ಯವಿಲ್ಲ. ಅಲ್ಲಿದ್ದವು ಬಹುಪಾಲು ಗಂಡುಗಳು. ಬೇಸಿಗೆ ಬಂದೊಡನೆ ಅವುಗಳಲ್ಲಿ ಹೆಚ್ಚಿನವು ಸಂತಾನಕಾಲಕ್ಕಾಗಿ ದಕ್ಷಿಣದ ಚಾನೆಲ್ ದ್ವೀಪಗಳತ್ತ ಹೊರಡುತ್ತವೆ. ದೊಡ್ಡದೊಂದು ಎದೆಯಿಂದ ನೂಕಿ ಚಿಕ್ಕದನ್ನು ನೀರಿಗೆ ಕೆಡವಿತು. ಮೊಮ್ಮಗನಿಗೆ ನಗುವೋ ನಗು.

ಇವುಗಳನ್ನು ಯಾರೂ ಹಿಡಿದು ತಂದವರಲ್ಲ. ಆ ನಗರದಲ್ಲಿ 1989ರ ಅಕ್ಟೋಬರ್ 17ರಂದು ಭೂಕಂಪವಾಯಿತು. ಅದೇ ಆಸುಪಾಸಿನಲ್ಲಿ ಬೆರಳೆಣಿಕೆಯಷ್ಟು ಬಂದು, 1990ರ ಆರಂಭದಲ್ಲಿ ಗುಂಪುಗುಂಪಾಗಿ ಸೇರಿಕೊಂಡವು. ಬಾಡಿಗೆ ತೆತ್ತು ದೋಣಿ ಕಟ್ಟಿದ್ದವರು ಗೊಣಗಿದ್ದರೆ ಅದು ಸಹಜವೇ. ದಯೆಯ ವೆಚ್ಚವನ್ನು ನೋಡುಗರು ಭರಿಸುವುದಿಲ್ಲವಷ್ಟೆ. ಸಾಗರ ಸಸ್ತನಿಗಳ ಆರೈಕೆ ಕೇಂದ್ರದ ತಜ್ಞರು ಕಟ್ಟೆಯನ್ನು ಅವಕ್ಕೇ ಬಿಡಿರೆಂದರು. ದೋಣಿಗಳು ಬೇರೆಡೆಗೆ ಹೋದವು. 2009ರಲ್ಲಿ ಅವುಗಳ ಸಂಖ್ಯೆ 1,700ನ್ನು ದಾಟಿತ್ತು. ಆ ವರ್ಷಾಂತ್ಯದಲ್ಲಿ ಹೇಳದೆ ಕೇಳದೆ ಬಹುತೇಕ ಎಲ್ಲವೂ ಹೊರಟುಹೋದವು. ಆಹಾರವನ್ನರಸಿ ಹೋಗಿರಬೇಕೆಂದು ಬಲ್ಲವರು ಊಹಿಸಿದರು. ಮರುವರ್ಷ ಮರಳಿದವು. 2024ರ ಮೇ ತಿಂಗಳಲ್ಲಿ ಮತ್ತೆ ಸಾವಿರಕ್ಕೂ ಮಿಗಿಲಾಗಿ ನೆರೆದಿದ್ದವು.

ಇಷ್ಟನ್ನು ಮಗ ವಿವರಿಸುತ್ತಿದ್ದಾಗಲೇ ಮನೆಯವರು ಚೀಲದಿಂದ ಬ್ರೆಡ್ಡಿನ ತುಂಡೊಂದನ್ನು ತೆಗೆದರು. "ಅಜ್ಜಿ, ಹಾಕಬಾರದು!" ಎಂದು ಮೊಮ್ಮಗ ಕೈ ಹಿಡಿದ. ಆ ದೇಶದ 1972ರ ಕಾಯಿದೆಯ ಪ್ರಕಾರ ಇವಕ್ಕೆ ತಿನ್ನಿಸುವುದು ಅಪರಾಧವಂತೆ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದೇ ವರ್ಷದ್ದೆಂಬುದು ನನಗೆ ನೆನಪಾಯಿತು. "ಹಸಿದ ಜೀವಕ್ಕೆ ಕೊಟ್ಟರೆ ತಪ್ಪೇನಪ್ಪ?" ಎಂದು ಅವರು ನನ್ನ ಮುಖ ನೋಡಿದರು. ಮಠದ ದಾಸೋಹದ ಪಂಕ್ತಿಯಲ್ಲಿ ಉಂಡು ಬೆಳೆದವನು, ದಯೆಯ ವಚನವನ್ನು ಬಾಲ್ಯದಲ್ಲೇ ಕಂಠಪಾಠ ಮಾಡಿದವನು ನಾನು. ನೀಡುವುದೇ ದಯೆಯೆಂದು ಅಂದಿನಿಂದ ನಂಬಿದ್ದೆ. ನೀಡದೆ ಕೈ ಹಿಂತೆಗೆಯುವುದೂ ದಯೆಯಾದೀತೇ? ಮನುಷ್ಯರ ಕೈ ನೋಡುವುದನ್ನು ಕಲಿತ ಪ್ರಾಣಿ ಮೀನು ಹಿಡಿಯುವುದನ್ನು ಮರೆತೀತು, ಕೊಡದವರನ್ನು ಕಚ್ಚೀತು ಎಂದು ಮಗ ಹೇಳಿದ. ಹನ್ನೊಂದರ ಹುಡುಗನ ಮುಂದೆ ನಾನು ವಾದಕ್ಕಿಳಿಯಲಿಲ್ಲ. ಬ್ರೆಡ್ಡು ಚೀಲ ಸೇರಿತು.

ಊರಿಗೆ ಮರಳಿದ ಮೇಲೆ ಒಂದು ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲೇರಿದೆವು. ನಂದಿಯ ಬಳಿ ಕೋತಿಯೊಂದು ಎದುರಿಗೇ ಬಂದು ಕುಳಿತು ಕೈಯೊಡ್ಡಿತು. ಮನೆಯವರು ಬಾಳೆಹಣ್ಣಿನ ಚೀಲವನ್ನು ಮೆಲ್ಲನೆ ಸೆರಗಿನೊಳಗೆ ಸರಿಸಿ, ನನ್ನ ಕಡೆ ನೋಡದೆಯೇ ಮುಂದಿನ ಮೆಟ್ಟಿಲನ್ನು ಹತ್ತಿದರು.