ಹಿಂದಿನ ಚಕ್ರದ ಬ್ರೇಕು

ಗಾಡಿ ಕೊಳ್ಳಲು ಹೋದವರು ಅದು ಲೀಟರಿಗೆ ಎಷ್ಟು ಓಡುತ್ತದೆಂದು ಕೇಳುತ್ತಾರೆ. ಎಷ್ಟು ದೂರದಲ್ಲಿ ನಿಲ್ಲುತ್ತದೆಂದು ಕೇಳಿದವರನ್ನು ನಾವು ಕಂಡಿಲ್ಲ. ಬ್ರೇಕಿನ ಹಣೆಬರಹವೇ ಅಷ್ಟು. ಸರಿಯಾಗಿರುವಷ್ಟು ದಿನ ಅದರ ನೆನಪು ಯಾರಿಗೂ ಇರುವುದಿಲ್ಲ. ಅದರಲ್ಲಿಯೂ ಹಿಂದಿನ ಚಕ್ರದ ಬ್ರೇಕು ಕೂಡುಕುಟುಂಬದ ಕಿರಿಸೊಸೆಯಿದ್ದ ಹಾಗೆ. ದಿನವಿಡೀ ದುಡಿಯುವುದು ಅದು, ನಾಲ್ಕು ಜನರ ಕಣ್ಣಿಗೆ ಬೀಳುವುದು ಮುಂದಿನದು.

ನಮ್ಮದು ಪುಣೆಯಲ್ಲಿ ನೆಲೆಸಿದ ಧಾರವಾಡದ ಸಂಸಾರ. ಮನೆಯಲ್ಲಿ ನಾವಿಬ್ಬರು ಮತ್ತು ಮಗ. ಅವನ ಕಾರಖಾನೆ ಬೆಂಗಳೂರು ಹೆದ್ದಾರಿಯಲ್ಲಿ, ಶಿರವಳದ ಹತ್ತಿರ. ನಿತ್ಯವೂ ಮೋಟಾರ್ ಸೈಕಲ್ಲಿನಲ್ಲಿ ಹೋಗಿ ಬರುತ್ತಾನೆ. ಪುಣೆಯ ವಾಚಕರಿಗೆ ಆ ದಾರಿಯ ವರ್ಣನೆ ಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇವೆ. ಕಾತ್ರಜದ ಹೊಸ ಬೋಗದೆ ದಾಟಿ ಊರಿನತ್ತ ಬಂದರೆ ನವಲೆ ಸೇತುವೆಯವರೆಗೆ ರಸ್ತೆ ಇಳಿಯುತ್ತಲೇ ಇರುತ್ತದೆ. ಡೀಸೆಲ್ ಉಳಿಸಲೆಂದು ಲಾರಿಯನ್ನು ನ್ಯೂಟ್ರಲ್ಲಿಗೆ ಹಾಕಿ ಇಳಿಬಿಡುವ ಚಟ ಕೆಲವು ಚಾಲಕರಿಗಿದೆ. 2022ರ ನವೆಂಬರ್ 20ರ ರಾತ್ರಿ ಇದೇ ಇಳಿಜಾರಿನಲ್ಲಿ ಹತೋಟಿ ತಪ್ಪಿದ ಒಂದು ಲಾರಿ ಇಪ್ಪತ್ತಕ್ಕೂ ಹೆಚ್ಚು ವಾಹನಗಳಿಗೆ ಗುದ್ದಿತು. ಅಂದಿನಿಂದ ಮಗನ ಗಾಡಿಯ ಸದ್ದು ಕೆಳಗೆ ಕೇಳಿಸುವವರೆಗೆ ನಮ್ಮ ಮನೆಯಲ್ಲಿ ರಾತ್ರಿ ತಾಟು ಹಾಕುವುದಿಲ್ಲ.

ಹೋದ ಮಳೆಗಾಲದ ಕೊನೆಗೆ ಅವನು ಊಟಕ್ಕೆ ಕೂತು, “ಅಪ್ಪಾ, ಹಿಂದಿನ ಬ್ರೇಕ್ ಕಿರ್ರ್ ಅನ್ನಾಕ ಹತ್ತೇತಿ” ಎಂದ. ಗ್ಯಾರೇಜಿಗೂ ಒಯ್ದಿದ್ದನಂತೆ. ಅಲ್ಲಿಯವರು ಬಗ್ಗಿ ನೋಡಿ, ಪ್ಯಾಡು ಇನ್ನೂ ಅರ್ಧ ಉಳಿದಿದೆ, ಮಳೆಯ ನೀರಿಗೆ ಸದ್ದು ಬರುತ್ತದೆ ಎಂದು ಕಳಿಸಿದ್ದರು. ಆಗ ನಮ್ಮ ಮನೆಯವರು ಸಾರು ಬಡಿಸುತ್ತ, “ಅರ್ಧ ಉಳದಿದ್ರ ಅದು ಯಾಕ ಒದರತೇತ್ರೀ? ಮೂವತ್ತು ವರ್ಷ ಪಾನಾ ಹಿಡದೀರಿ, ಒಮ್ಮೆ ಬಿಚ್ಚಿ ನೋಡಬಾರದ?” ಎಂದರು. ಭೋಸರಿಯ ಕಾರಖಾನೆಯಲ್ಲಿ ಯಂತ್ರಗಳೊಡನೆ ಆಯುಷ್ಯ ಕಳೆದವರಿಗೆ ಇಷ್ಟು ಸಾಕಾಯಿತು. ಬರುವ ರವಿವಾರ ಬಿಚ್ಚುವುದೆಂದು ಠರಾವಾಯಿತು.

ಹಿಂದಿನ ಡಿಸ್ಕ್ ಬ್ರೇಕಿನ ರಚನೆ ಅಂಥ ಗಹನವಾದುದೇನಲ್ಲ. ಚಕ್ರದ ಜೊತೆ ತಿರುಗುವ ಉಕ್ಕಿನ ತಟ್ಟೆ. ಅದನ್ನು ಎರಡೂ ಬದಿಯಿಂದ ಹಿಡಿಯುವ ಎರಡು ಪ್ಯಾಡು. ಅವನ್ನು ಹೊತ್ತ ಕ್ಯಾಲಿಪರ್. ಕಾಲಿನಿಂದ ಪೆಡಲ್ ಒತ್ತಿದರೆ ಬ್ರೇಕ್ ಆಯಿಲ್ ಪಿಸ್ಟನ್ನನ್ನು ನೂಕುತ್ತದೆ. ನಮ್ಮ ಗಾಡಿಯಲ್ಲಿ ಪಿಸ್ಟನ್ ಇರುವುದು ಒಳಬದಿಗೆ ಮಾತ್ರ. ಅದು ಒಳಗಿನ ಪ್ಯಾಡನ್ನು ಒತ್ತಿದ ಮೇಲೆ ಕ್ಯಾಲಿಪರ್ ತಾನೇ ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದು ತರಬೇಕು. ಈ ಜಾರುವಿಕೆಯಲ್ಲಿಯೇ ರೋಗವಿತ್ತು.

ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿದೆವು. ಕ್ಯಾಲಿಪರ್ ತನ್ನ ಜಾಗದಲ್ಲಿ ಬಿಗಿಯಾಗಿರುವಾಗಲೇ ಪ್ಯಾಡಿನ ಪಿನ್ನನ್ನು ಸ್ವಲ್ಪ ಸಡಿಲಿಸಿಕೊಂಡೆವು; ಆಮೇಲೆ ಕೈಯಲ್ಲಿ ಹಿಡಿದು ತಿರುಗಿಸುವುದು ತ್ರಾಸಿನ ಕೆಲಸ. ಎರಡು ಬೋಲ್ಟು ಬಿಚ್ಚಿ ಕ್ಯಾಲಿಪರನ್ನು ಹೊರತೆಗೆದು, ಅದರ ರಬ್ಬರ್ ನಳಿಕೆಗೆ ಭಾರ ಬೀಳದಂತೆ ತಂತಿಯಿಂದ ಕಟ್ಟಿದೆವು. ಪ್ಯಾಡುಗಳನ್ನು ಹೊರಗೆ ತೆಗೆದಾಗ ಮಗನ ಮುಖ ನೋಡಬೇಕಿತ್ತು. ಹೊರಗಿನದು ನಿಜಕ್ಕೂ ಅರ್ಧ ಉಳಿದಿತ್ತು. ಒಳಗಿನದು ಸವೆದು ಕಬ್ಬಿಣದ ತಗಡಿಗೆ ಬಂದಿತ್ತು! ಬಗ್ಗಿ ನೋಡಿದವರಿಗೆ ಕಂಡದ್ದು ಹೊರಗಿನದು ಮಾತ್ರ. ಮಳೆನೀರು ಮತ್ತು ರಾಡಿ ಹೋಗಿ ಜಾರುವ ಪಿನ್ನಿಗೆ ತುಕ್ಕು ಹಿಡಿದಿದ್ದರಿಂದ ಕ್ಯಾಲಿಪರ್ ಸರಿಯುತ್ತಿರಲಿಲ್ಲ. ಒಂದೇ ಪ್ಯಾಡು ಇಬ್ಬರ ಕೆಲಸ ಮಾಡಿ ಸವೆದಿತ್ತು. ಹೊಸ ಪ್ಯಾಡು ಹಾಕಿ ಕೈತೊಳೆದುಕೊಂಡಿದ್ದರೆ ಅದರ ಗತಿಯೂ ಅಷ್ಟೇ ಆಗುತ್ತಿತ್ತು.

ಧೂಳನ್ನು ಬಾಯಿಂದ ಊದಲಿಲ್ಲ, ಒದ್ದೆ ಬಟ್ಟೆಯಿಂದ ಒರೆಸಿದೆವು. ಹಿಂದಿನ ಕಾಲದ ಬ್ರೇಕುಗಳಲ್ಲಿ ಕಲ್ನಾರು ಇರುತ್ತಿತ್ತು. ಅದು ಪುಪ್ಪುಸಕ್ಕೆ ಘಾತುಕ. ಈಗಿನ ಧೂಳೂ ಎದೆಗೆ ಒಳ್ಳೆಯದಲ್ಲ. ಪಿನ್ನುಗಳ ತುಕ್ಕು ತೆಗೆದು, ರಬ್ಬರಿಗೆ ಹಾನಿ ಮಾಡದ ಸಿಲಿಕೋನ್ ಗ್ರೀಸ್ ಸವರಿದೆವು. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ಒರೆಸಿ ತೆರೆದು, ಪಿಸ್ಟನ್ನನ್ನು ನಿಧಾನವಾಗಿ ಹಿಂದಕ್ಕೆ ಒತ್ತಿದೆವು. ಆಗ ಆಯಿಲ್ ಮೇಲೇರುತ್ತದೆ. ಚೆಲ್ಲಿದರೆ ಗಾಡಿಯ ಬಣ್ಣ ಕಿತ್ತುಬರುತ್ತದೆ. ಹೊಸ ಪ್ಯಾಡುಗಳ ಮುಖಕ್ಕೆ ಎಣ್ಣೆಗೈ ತಾಗದಂತೆ ಕೂಡ್ರಿಸಿ, ಬೋಲ್ಟುಗಳನ್ನು ಕಂಪನಿಯ ಪುಸ್ತಕದಲ್ಲಿ ಹೇಳಿದಷ್ಟು ಬಿಗಿದೆವು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಪಿಸ್ಟನ್ ಹಿಂದೆ ಸರಿದಿರುವುದರಿಂದ ಮೊದಲ ಸಲ ಒತ್ತಿದಾಗ ಪೆಡಲ್ ಸುಮ್ಮನೆ ಕೆಳಗೆ ಹೋಗುತ್ತದೆ, ಬ್ರೇಕು ಹಿಡಿಯುವುದಿಲ್ಲ. ಅದು ಕಾಲಿಗೆ ಗಟ್ಟಿಯಾಗಿ ತಾಗುವವರೆಗೆ ನಿಂತಲ್ಲಿಯೇ ಮತ್ತೆ ಮತ್ತೆ ಒತ್ತಬೇಕು. ಆಮೇಲೆ ಚಕ್ರ ತಿರುಗಿಸಿ ನೋಡಿ, ಆಯಿಲ್ ಮಟ್ಟ ಸರಿಮಾಡಿ ಮುಚ್ಚಳ ಹಾಕಬೇಕು. ಅನಂತರವೇ ಗಲ್ಲಿಯಲ್ಲಿ ಸಾವಕಾಶವಾಗಿ ಒಂದು ಸುತ್ತು. ಹೊಸ ಪ್ಯಾಡು ತಟ್ಟೆಗೆ ಒಗ್ಗುವವರೆಗೆ, ಒಂದೆರಡು ನೂರು ಕಿಲೋಮೀಟರು, ಸಾಧ್ಯವಾದಷ್ಟು ಮೆತ್ತಗೆ ಹಿಡಿಯಬೇಕು.

ಇಳಿಜಾರಿನ ಲೆಕ್ಕವನ್ನೂ ಅಂದೇ ಕಟ್ಟೆಯ ಮೇಲೆ ಕೂತು ಮಗನಿಗೆ ಮಾಡಿ ತೋರಿಸಿದೆವು. ಸವಾರನೂ ಗಾಡಿಯೂ ಕೂಡಿ 200 ಕಿಲೋ ಎನ್ನೋಣ. ಗಂಟೆಗೆ 60 ಕಿ.ಮೀ. ವೇಗದಿಂದ ಪೂರ್ತಿ ನಿಲ್ಲಿಸಲು ಸುಮಾರು 28 ಕಿಲೋಜೂಲ್ ಶಕ್ತಿಯನ್ನು ಕಳೆಯಬೇಕು. ಅದೇ ಗಾಡಿ 100 ಮೀಟರು ಎತ್ತರ ಇಳಿದರೆ ಕಳೆಯಬೇಕಾದದ್ದು 196 ಕಿಲೋಜೂಲ್, ಅಂದರೆ ಏಳು ಸಲ ನಿಲ್ಲಿಸಿದಷ್ಟು. ಗೇರಿನಲ್ಲಿದ್ದರೆ ಇದರ ಪಾಲನ್ನು ಎಂಜಿನ್ನೂ ಹೊರುತ್ತದೆ. ನ್ಯೂಟ್ರಲ್ಲಿಗೆ ಹಾಕಿದರೆ ಹೆಚ್ಚುಕಡಿಮೆ ಎಲ್ಲವೂ ಬ್ರೇಕಿನ ತಲೆಯ ಮೇಲೆಯೇ. ಲಾರಿಗೂ ಇದೇ ಲೆಕ್ಕ, ಭಾರ ಮಾತ್ರ ನೂರಾರು ಪಟ್ಟು.

ಮಗ ಸವೆದ ಪ್ಯಾಡನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ನಮ್ಮ ಮನೆಯವರು ಚಹಾ ತಂದಿಟ್ಟು, “ಗಾಡಿಗೆ ಬ್ರೇಕ್ ಹಾಕಿದ್ರಿ, ಛಲೋ ಆತು. ಇವನ ಗಡಬಡಿಗೆ ಯಾರ ಹಾಕತಾರ?” ಎಂದರು. ಅದಕ್ಕೆ ನಮ್ಮ ಪೆಟ್ಟಿಗೆಯಲ್ಲಿ ಪಾನಾ ಇರಲಿಲ್ಲ. ಆದರೆ ಮರುದಿನದಿಂದ ಅವನು ಮುಂಜಾನೆ ಕಾಲು ತಾಸು ಮೊದಲೇ ಹೊರಡುತ್ತಿದ್ದಾನೆ.

ಈಗ ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ಒಳಗಿನ ಪ್ಯಾಡನ್ನು ಅವನೇ ನೋಡುತ್ತಾನೆ. ಕೈಗೆ ಪಾನಾ ಒಗ್ಗದ ವಾಚಕರು ಗಾಡಿಯನ್ನು ತಾವೇ ಬಿಚ್ಚಬೇಕೆಂದು ನಾವು ಹೇಳುವುದಿಲ್ಲ. ಗ್ಯಾರೇಜಿಗೆ ಹೋದಾಗ ಮುಂದೆ ನಿಂತು, ಒಳಗಿನದನ್ನೂ ತೋರಿಸಿರಿ ಎಂದು ಕೇಳಿದರೆ ಸಾಕು.