ಆಕಾಶದ ಆರು ಸೆಕೆಂಡು

ಹಳೆಯ ವಿದ್ಯಾರ್ಥಿಯಾಗಿ ಈ ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದ್ದಾರೆ. ನಾನು ಲೇಖಕನಲ್ಲ, ಯುದ್ಧವಿಮಾನದ ಫಿರಂಗಿಗಳನ್ನು ಒರೆಸಿ, ಎಣ್ಣೆ ಸವರಿ, ಗುಂಡು ತುಂಬುವ ಕೆಲಸದಲ್ಲಿ ಹದಿನೈದು ವರ್ಷ ಕಳೆದವನು. ಯುದ್ಧ ಮುಗಿದ ಮೇಲೆ ಪತ್ರಿಕೆಗಳಲ್ಲಿ ವಿಮಾನ ಚಾಲಕರ ಚಿತ್ರಗಳು ಬರುತ್ತವೆ, ಬರತಕ್ಕದ್ದೇ ಸರಿ. ಆದರೆ ನೆಲದ ಮೇಲೆ ನಿಂತು ಅವರನ್ನು ಕಳುಹಿಸಿಕೊಟ್ಟವರ ಕೆಲಸವೇನೆಂಬುದನ್ನು ಬಲ್ಲವರು ವಿರಳ.

ನಮ್ಮ ಜಿಲ್ಲೆಗೆ ಈ ಕೆಲಸ ಅಪರಿಚಿತವೇನಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೋಲಾರದಲ್ಲಿ ಬ್ರಿಟಿಷ್ ವಾಯುಪಡೆಯ ನೆಲೆಯೊಂದಿತ್ತು. 1944ರಲ್ಲಿ ಅದರ 82ನೆಯ ಸ್ಕ್ವಾಡ್ರನ್ ಬರ್ಮಾ ರಣರಂಗದಿಂದ ಇಲ್ಲಿಗೆ ಬಂದು, ಹಳೆಯ ವೆಂಜೆನ್ಸ್ ವಿಮಾನಗಳನ್ನು ಬಿಟ್ಟು ಮಾಸ್ಕಿಟೋ ವಿಮಾನಗಳನ್ನು ಪಡೆಯಿತು. ಮರದ ಹಲಗೆಗಳನ್ನು ಅಂಟಿನಿಂದ ಕೂಡಿಸಿ ಕಟ್ಟಿದ ಆ ವಿಮಾನದ ಮೂತಿಯಲ್ಲಿ ನಾಲ್ಕು ಮೆಷಿನ್ ಗನ್ನುಗಳು, ಅವುಗಳ ಕೆಳಗೆ 20 ಮಿಲಿಮೀಟರಿನ ನಾಲ್ಕು ಫಿರಂಗಿಗಳು. ಎಂಟನ್ನೂ ಬಿಚ್ಚಿ, ಬಯಲುಸೀಮೆಯ ಕೆಂಪು ಧೂಳನ್ನು ತೆಗೆದು, ಮರಳಿ ಜೋಡಿಸಿದ ಕೈಗಳು ಯಾವುವೋ! ಅವರ ಹೆಸರು ನಮ್ಮಲ್ಲಿ ಯಾರ ನಾಲಗೆಯ ಮೇಲೂ ಉಳಿದಿಲ್ಲ.

ನಾನು ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಯವನು. ಮಳೆಯನ್ನೇ ನಂಬಿದ ಎರಡು ಎಕರೆ ರಾಗಿಯ ಹೊಲ, ಮನೆ ತುಂಬ ಮಕ್ಕಳು. ಎಸ್.ಎಸ್.ಎಲ್.ಸಿ. ಮುಗಿಸಿ 1968ರಲ್ಲಿ ವಾಯುಪಡೆಗೆ ಏರ್‌ಮನ್ ಆಗಿ ಸೇರಿದೆ. ಜೊತೆಗೆ ಹೊರಟವರು ಮುಳಬಾಗಿಲಿನವನೊಬ್ಬ, ಮಾಲೂರಿನ ಹೆಂಚಿನ ಕಾರ್ಖಾನೆಯ ಕೂಲಿಕಾರರ ಮಗನೊಬ್ಬ. ತರಬೇತಿಯ ತರುವಾಯ ನನ್ನ ಪಾಲಿಗೆ ಬಂದದ್ದು ನ್ಯಾಟ್ ವಿಮಾನ. ಬ್ರಿಟನ್ನಿನ ಫೋಲಂಡ್ ಕಂಪನಿಯ ವಿನ್ಯಾಸದಂತೆ ನಮ್ಮ ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆ ಅದನ್ನು ಕಟ್ಟುತ್ತಿತ್ತು.

ಪುಟ್ಟ ವಿಮಾನ; ಅದಕ್ಕೆ 30 ಮಿಲಿಮೀಟರಿನ ಎರಡು ಏಡನ್ ಫಿರಂಗಿಗಳು, ಒಂದೊಂದಕ್ಕೂ 115 ಗುಂಡುಗಳು. ನಿಮಿಷಕ್ಕೆ 1200ರ ವೇಗದಲ್ಲಿ ಹಾರಿಸಿದರೂ ಆರು ಸೆಕೆಂಡಿನೊಳಗೆ ಎಲ್ಲವೂ ಬರಿದು. ಚಾಲಕನ ಕೈಯಲ್ಲಿರುವ ಯುದ್ಧವೆಲ್ಲ ಆ ಆರು ಸೆಕೆಂಡು. ಅದಕ್ಕಾಗಿ ನಾವು ದುಡಿಯುತ್ತಿದ್ದುದು ಗಂಟೆಗಟ್ಟಲೆ. ಗುಂಡುಗಳು ಕೊಂಡಿಗಳಿಂದ ಕೂಡಿದ ಸರವಾಗಿ ಒಳಗೆ ಹೋಗುತ್ತವೆ. ಐದು ಗೂಡುಗಳ ಉರುಳೆ ಅವನ್ನು ಒಂದೊಂದಾಗಿ ನಳಿಗೆಗೆ ಒಡ್ಡುತ್ತದೆ. ವಿದ್ಯುತ್ತಿನಿಂದ ಮದ್ದು ಹೊತ್ತುತ್ತದೆ. ಒಂದು ಕೊಂಡಿ ಬಾಗಿದರೂ, ವಿದ್ಯುತ್ ತಗಲುವಲ್ಲಿ ಜಿಡ್ಡು ಕುಳಿತರೂ ಫಿರಂಗಿ ನಿಂತುಹೋಗಬಹುದು. ಎಣ್ಣೆ ಕಡಿಮೆಯಾದರೆ ತುಕ್ಕು. ಹೆಚ್ಚಾದರೆ ಧೂಳು ಮೆತ್ತಿಕೊಳ್ಳುತ್ತದೆ, ಮೇಲಿನ ಚಳಿಗೆ ಹೆಪ್ಪುಗಟ್ಟುತ್ತದೆ. ನೆಲದ ಮೇಲೆ ಇವೆಲ್ಲಕ್ಕೂ ಮದ್ದುಂಟು. ಆಕಾಶದಲ್ಲಿ ಯಾವುದಕ್ಕೂ ಇಲ್ಲ. 1965ರ ಯುದ್ಧದಲ್ಲಿ ಹೋರಾಟದ ನಡುವೆಯೇ ನ್ಯಾಟ್‌ಗಳ ಫಿರಂಗಿಗಳು ನಿಂತುಹೋದ ಪ್ರಸಂಗಗಳನ್ನು ಹಿರಿಯರು ನಮಗೆ ಪಾಠದಂತೆ ಹೇಳುತ್ತಿದ್ದರು.

ಉತ್ತರ ಸರಿಬಂದರೂ ತಾಳೆ ನೋಡದೆ ಸ್ಲೇಟು ತೋರಿಸಬೇಡಿರೆಂದು ನಮ್ಮ ಲೆಕ್ಕದ ಮೇಷ್ಟ್ರು ಹೇಳುತ್ತಿದ್ದರು. ನಮ್ಮ ವೃತ್ತಿಯ ತಿರುಳು ಅದೇ ಆಗಿತ್ತು. ಒಬ್ಬನು ತುಂಬಿದ್ದನ್ನು ಇನ್ನೊಬ್ಬನು ತಾಳೆ ನೋಡಬೇಕು. ಬಳಿಕ ಫಾರಂ 700 ಎಂಬ ಪುಸ್ತಕದಲ್ಲಿ ರುಜು ಹಾಕಬೇಕು. ಚಾಲಕರು ಅದನ್ನು ಓದಿ, ತಾವೂ ರುಜು ಮಾಡಿ ವಿಮಾನ ಏರುತ್ತಿದ್ದರು. ಇಪ್ಪತ್ತೊಂದು ವರ್ಷದ ಹಳ್ಳಿ ಹುಡುಗನ ರುಜುವನ್ನು ನಂಬಿ ಒಬ್ಬ ಅಧಿಕಾರಿ ತನ್ನ ಪ್ರಾಣವನ್ನು ಒಡ್ಡುತ್ತಿದ್ದನು. ಅದಕ್ಕಿಂತ ಭಾರವಾದ ವಸ್ತುವನ್ನು ನಾನು ಎತ್ತಿಲ್ಲ.

1971ರ ನವೆಂಬರ್ 22ರಂದು ಬಂಗಾಳದ ಗಡಿಯ ಬೋಯ್ರಾದಲ್ಲಿ 22ನೆಯ ಸ್ಕ್ವಾಡ್ರನ್ನಿನ ನಾಲ್ಕು ನ್ಯಾಟ್‌ಗಳು ಪಾಕಿಸ್ತಾನದ ಸೇಬರ್ ವಿಮಾನಗಳನ್ನು ಎದುರಿಸಿದವು. ಮ್ಯಾಸಿ, ಗಣಪತಿ, ಲಜಾರಸ್ ಅವರಿಗೆ ವೀರಚಕ್ರ ಬಂದಿತು. ಮ್ಯಾಸಿಯವರ ಒಂದು ಫಿರಂಗಿ ನಡುವೆ ನಿಂತುಹೋಯಿತು. ನಾನು ಆಗ ಬೇರೊಂದು ನೆಲೆಯಲ್ಲಿದ್ದೆ. ಸುದ್ದಿ ಬಂದಾಗ ಎಲ್ಲರೂ ಗೆಲುವನ್ನು ಕೊಂಡಾಡಿದರು. ನಮ್ಮ ವಿಭಾಗದವರು ಮಾತ್ರ ಆ ನಿಂತ ಫಿರಂಗಿಯನ್ನೇ ಕುರಿತು ಮಾತನಾಡಿದೆವು.

ಡಿಸೆಂಬರಿನಲ್ಲಿ ಯುದ್ಧ ಘೋಷಣೆಯಾದ ಮೇಲೆ ದೀಪವಿಲ್ಲದ ರಾತ್ರಿಗಳಲ್ಲಿ, ನೀಲಿ ಕಾಗದ ಸುತ್ತಿದ ಟಾರ್ಚಿನ ಬೆಳಕಿನಲ್ಲಿ ಒಂದೊಂದು ಕೊಂಡಿಯನ್ನೂ ಬೆರಳಿನಿಂದ ಸವರಿ ನೋಡುತ್ತಿದ್ದೆವು. ಒಂದು ರಾತ್ರಿ ಬಾಗಿದ ಕೊಂಡಿಯೊಂದು ಮುಳಬಾಗಿಲಿನ ಗೆಳೆಯನ ಬೆರಳಿಗೆ ಸಿಕ್ಕಿತು. ಸರವನ್ನೆಲ್ಲ ಹೊರಗೆಳೆದು ಹೊಸದಾಗಿ ತುಂಬುವಷ್ಟರಲ್ಲಿ ಬೆಳಗಾಯಿತು. ವಿಮಾನ ಹೋಯಿತು, ಬಂದಿತು. ನಳಿಗೆಯ ಬಾಯಲ್ಲಿ ಮಸಿಯಿತ್ತು. ಗುಂಡು ಒಂದೂ ಉಳಿದಿರಲಿಲ್ಲ. ನಾವಿಬ್ಬರೂ ಅದನ್ನು ನೋಡಿ, ಏನೂ ಹೇಳದೆ ಚಹ ಕುಡಿಯಲು ಹೋದೆವು. ನಮ್ಮ ಕೆಲಸ ಸಫಲವಾದಾಗ ಅದಕ್ಕೆ ಇತಿಹಾಸವೇ ಇರುವುದಿಲ್ಲ.

ಆ ಗುಂಡುಗಳು ತಲಪಿದ ಕಡೆಯಲ್ಲಿಯೂ ಒಬ್ಬ ತಾಯಿಯ ಮಗನಿದ್ದನೆಂಬುದನ್ನು ನಾನು ಮರೆತಿಲ್ಲ. ಬೋಯ್ರಾದಲ್ಲಿ ಪ್ಯಾರಾಚೂಟಿನಿಂದ ಇಳಿದು ಸೆರೆಯಾದ ಪರ್ವೇಜ್ ಮೆಹದಿ ಕುರೇಶಿ 1997ರಲ್ಲಿ ಪಾಕಿಸ್ತಾನದ ವಾಯುಪಡೆಗೆ ಮುಖ್ಯಸ್ಥರಾದರೆಂದು ಓದಿದ ದಿನ ನನ್ನ ಮನಸ್ಸಿಗೆ ಒಂದು ಬಗೆಯ ನೆಮ್ಮದಿಯಾಯಿತು. ನಮ್ಮ ಚಾಲಕನು ಮರಳಿ ಬರಲೆಂಬುದು ನಾವು ದುಡಿದ ಉದ್ದೇಶ; ಎದುರಿನವನು ಸಾಯಲೆಂಬುದು ನಮ್ಮ ಪ್ರಾರ್ಥನೆಯಾಗಿರಲಿಲ್ಲ.

ಇಂದು ಈ ನಾಲ್ಕು ತಾಲ್ಲೂಕುಗಳ ಮಕ್ಕಳು ಎಷ್ಟೋ ಬಗೆಯ ಯಂತ್ರಗಳ ಮುಂದೆ ಕೆಲಸ ಮಾಡುತ್ತಿದ್ದಾರೆ. ಯಾರೂ ನೋಡದಿರುವಾಗಲೂ ತಾಳೆ ನೋಡುವ ಅಭ್ಯಾಸವೊಂದನ್ನು ಉಪಾಧ್ಯಾಯ ಬಂಧುಗಳು ಅವರಿಗೆ ಕಲಿಸಿಕೊಡಲೆಂದು ಕೋರುತ್ತೇನೆ. ಉಳಿದ ವಿದ್ಯೆಯನ್ನು ಅವರು ಹೋದಲ್ಲಿ ಕಲಿತುಕೊಳ್ಳುತ್ತಾರೆ.