ಮಳೆಯಲ್ಲಿ ನಿಂತ ಗಾಡಿ

ಮುಂಬಯಿ ಬಳಿಯ ಟಿಟ್ವಾಳಾದಲ್ಲಿ ಜೋರು ಮಳೆ ಹಿಡಿದರೆ ಎರಡು ಸಂಗತಿ ವಿಚಾರಿಸುತ್ತೇವೆ: ಕಾಳು ನದಿ ಎಷ್ಟು ಏರಿದೆ, ಲೋಕಲ್ ರೈಲು ಕಲ್ಯಾಣ ದಾಟಿತೇ? ಆಗೆಲ್ಲ 2019ರ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಮಾತು ಬಂದೇ ಬರುತ್ತದೆ. ಮುಂಬಯಿಯಿಂದ ಕೊಲ್ಹಾಪುರಕ್ಕೆ ಹೋಗುವ ಗಾಡಿ ಅದು. ನಿಪ್ಪಾಣಿ, ಚಿಕ್ಕೋಡಿ ಕಡೆಯ ನಮ್ಮವರಿಗೂ ಊರಿನ ದಾರಿ.

ಜುಲೈ 26ರ ರಾತ್ರಿ ಹೊರಟದ್ದು ಬದಲಾಪುರ–ವಾಂಗಣಿ ನಡುವೆ ಉಲ್ಹಾಸ್ ನದಿಯ ನೆರೆಗೆ ಸಿಕ್ಕಿಬಿತ್ತು. ಒಳಗೆ ಸುಮಾರು 1,050 ಜನ, ಅವರಲ್ಲಿ ಒಂಬತ್ತು ಮಂದಿ ಬಸುರಿಯರು. ಎನ್‌ಡಿಆರ್‌ಎಫ್ ದೋಣಿ, ನೌಕಾಪಡೆಯ ಹೆಲಿಕಾಪ್ಟರ್ ಎಲ್ಲ ಬಂದವು, ಮರುದಿನ ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಪಾರಾದರು. ಟಿವಿಯಲ್ಲಿ ಕಂಡದ್ದು ಅಷ್ಟು. ಆದರೆ ಸುತ್ತಲಿನ ಹಳ್ಳಿಯವರೂ ನೀರಿಗಿಳಿದಿದ್ದರು. ಅವರ ಗದ್ದೆಯೂ ಮುಳುಗಿತ್ತು, ನೆನಪಿರಲಿ. ಟಿಕೆಟ್ ಯಾವ ಊರಿಗೆ, ಜಾತಿ ಯಾವುದು, ಭಾಷೆ ಯಾವುದು ಎಂದು ಕೇಳುವ ಪುರುಸೊತ್ತು ಯಾರಿಗಿತ್ತು?

ದಿನನಿತ್ಯದ ಲೋಕಲ್‌ನಲ್ಲೂ ಈ ನೆರವಿನ ಸಣ್ಣ ರೂಪ ಉಂಟು. ಮೂವರ ಸೀಟಿನಲ್ಲಿ ನಾಲ್ಕನೆಯವರಿಗೆ ಒಂದು ಗೇಣು ಜಾಗ. ಕೂಸು ಎತ್ತಿಕೊಂಡ ತಾಯಿ ಹತ್ತಿದರೆ ಅವಳ ಚೀಲ ಕೈಯಿಂದ ಕೈಗೆ ದಾಟಿ ಮೇಲಿನ ರ‍್ಯಾಕ್ ಸೇರುತ್ತದೆ. ಗೊಣಗಾಟವೂ ಜೊತೆಗೇ ನಡೆದಿರುತ್ತದೆ, ಬಿಡಿ. ಗೊಣಗುತ್ತಲೇ ಸರಿದು ಕೊಡುವವರೇ ನನಗೆ ಹೆಚ್ಚು ಇಷ್ಟ.

ಈ ಮಳೆಗಾಲದಲ್ಲಿ ನಿಮ್ಮ ಗಾಡಿ ನಡುದಾರಿಯಲ್ಲಿ ನಿಂತರೆ, ಪಕ್ಕದ ಕುಟುಂಬದವರನ್ನು ಒಮ್ಮೆ ಕೇಳಿ: ಮನೆಗೆ ಫೋನ್ ಮಾಡಬೇಕಾ? ನಿಮ್ಮದರಲ್ಲಿ ಚಾರ್ಜ್ ಇದ್ದರೆ ಕೊಡಿ.